ಬಸರಾಳು ಬಳ್ಳಿಯ ಕಳ್ಳತನ

"ಡಿಸೈನು ಹೋದ್ರೆ ಹೋಗ್ಲಿ ಲಾಯರಮ್ಮ. ನಮ್ ಗಗನ ಕದ್ದಿಲ್ಲ ಅಂತ ತೋರ್ಸ್‌ಕೊಡಿ, ಅಷ್ಟು ಸಾಕು."

ಮಂಡ್ಯದ ವಕೀಲೆ ಶಾಲಿನಿಯವರ ಕಚೇರಿಯಲ್ಲಿ ಕೂತು ಹೀಗೆಂದ ಹೆಣ್ಣುಮಗಳ ಹೆಸರು ದೀಪಿಕ, ಊರು ಮದ್ದೂರು. ಗುಮಾಸ್ತ ಸಿದ್ದರಾಜು ಕಡತಗಳನ್ನು ಕಟ್ಟಿಟ್ಟು ಮನೆಗೆ ಹೊರಟಿದ್ದವನು ಚೀಲವನ್ನು ಮತ್ತೆ ಗೂಟಕ್ಕೆ ತಗುಲಿಹಾಕಿದ. ಕಳುವಾದ ಮಾಲು ಬೇಡ, ಕಳ್ಳಿ ಅನ್ನಿಸಿಕೊಂಡವಳ ಮಾನ ಬೇಕು ಎನ್ನುವ ಕಕ್ಷಿದಾರರನ್ನು ಅವನು ಕಂಡಿರಲಿಲ್ಲ. ಪೊಲೀಸರ ತನಕ ಹೋಗಲು ಮನಸ್ಸಿಲ್ಲದ ಮನೆಗಳ ಗೋಜಲು ಬಿಡಿಸುವುದರಲ್ಲಿ ಶಾಲಿನಿಯವರಿಗೆ ಕೋರ್ಟಿನಲ್ಲಿದ್ದಷ್ಟೇ ಹೆಸರಿತ್ತು. ಅವುಗಳಲ್ಲಿ ಅರ್ಧದಷ್ಟನ್ನು ಬಿಡಿಸಿದ್ದು ತಾನೇ ಎಂಬುದು ಸಿದ್ದರಾಜುವಿನ ನಂಬಿಕೆ. ಶಾಲಿನಿ ಅದನ್ನು ಯಾವತ್ತೂ ಅಲ್ಲಗಳೆದಿರಲಿಲ್ಲ, ಒಪ್ಪಿಯೂ ಇರಲಿಲ್ಲ.

ದೀಪಿಕ ಮನೆಯಲ್ಲೇ ಬ್ಲೌಸುಗಳಿಗೆ ಕಸೂತಿ ಹಾಕುವ ಉದ್ಯೋಗ ಶುರುಮಾಡಿದ್ದಳು. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಪೆನ್‌ಡ್ರೈವಿಗೆ ಹಾಕಿಕೊಟ್ಟರೆ ಎಂಬ್ರಾಯ್ಡರಿ ಮಿಶಿನ್ನು ಅದನ್ನು ಬಟ್ಟೆಯ ಮೇಲೆ ಹೊಲಿದುಕೊಡುತ್ತಿತ್ತು. ಮಿಶಿನ್ನು ಬಂದಾಗ ಮನೆಯಲ್ಲಿ ಹಬ್ಬ. ಕಂಪ್ಯೂಟರಿಗೆ ಯಾವ ಆಪರೇಟಿಂಗ್ ಸಿಸ್ಟಮ್ ಹಾಕಿಸುವುದು ಎಂಬಲ್ಲಿ ಜಗಳ. ಕಂಪ್ಯೂಟರ್ ಮಾರಿದ ಮದ್ದೂರಿನ ಅಂಗಡಿಯ ಪ್ರಸನ್ನ, ವಿಂಡೋಸ್ ಬಿಟ್ಟು ಬೇರೆ ಹಾಕಿದರೆ ತಾನು ರಿಪೇರಿಗೆ ಬರುವುದಿಲ್ಲ ಎಂದ. ಬಿಸಿಎ ಓದಿದ್ದ ನಾದಿನಿ ಗಗನ, ಬಿಲ್ಲಿಗೂ ಗಿರಾಕಿಗಳ ಪತ್ರಕ್ಕೂ ಪುಕ್ಕಟೆ ಸಿಗುವ ಲಿನಕ್ಸ್ ಸಾಕು ಎಂದು ಪಟ್ಟು ಹಿಡಿದಳು. ಕಸೂತಿಯ ತಂತ್ರಾಂಶ ವಿಂಡೋಸಿನಲ್ಲಿ ಮಾತ್ರ ಓಡುತ್ತಿತ್ತು. ಕೊನೆಗೆ ಎರಡನ್ನೂ ಹಾಕಿದರು. ಯಂತ್ರ ಹಚ್ಚಿದರೆ ಕಪ್ಪು ತೆರೆಯ ಮೇಲೆ ಎರಡು ಹೆಸರು ಮೂಡಿ, ಯಾವುದು ಬೇಕೆಂದು ಕೇಳುತ್ತಿತ್ತು. ಇಂಟರ್ನೆಟ್ ಇದ್ದದ್ದು ಲಿನಕ್ಸಿಗೆ ಮಾತ್ರ. ಡಿಸೈನುಗಳಿದ್ದ ವಿಂಡೋಸಿಗೆ ವೈರಸ್ಸಿನ ಭಯದಿಂದ ಅದನ್ನು ಕೊಟ್ಟಿರಲಿಲ್ಲ.

"ಬಸರಾಳು ದೇವಸ್ಥಾನದ ಗೋಡೇಲಿ ಒಂದು ಬಳ್ಳಿ ಕೆತ್ತನೆ ಅದೆ. ದಿನಗಟ್ಲೆ ಅಲ್ಲೇ ಕೂತು ಬರ್ಕೊಂಡ್ ಬಂದೆ" ಎಂದಳು ದೀಪಿಕ. "ಕಲ್ಲಲ್ಲಿ ಒಂದು ಎಲೆ ತುದಿ ಮುರಿದದೆ. ನಾನೂ ಮುರಿದಂಗೇ ಬರ್ದಿದ್ದೆ. ಹೋದ ವಾರ ಮಂಡ್ಯದ ಒಂದಂಗಡಿ ಗಾಜಿನೊಳಗೆ ಅದೇ ಬಳ್ಳಿ, ಅದೇ ಮುರಿದ ಎಲೆ. ಒಂದ್ ಬ್ಲೌಸಿಗೂ ನಾನಿನ್ನೂ ಹಾಕಿರ್ಲಿಲ್ಲ ಮೇಡಂ."

ಬಳ್ಳಿ ಕಂಡ ದಿನವೇ ಮನೆಯವರು ಪ್ರಸನ್ನನನ್ನು ಕರೆಸಿದ್ದರು. ಗಗನ ಮನೆಯಲ್ಲಿಲ್ಲದ ಹೊತ್ತು, ಉಳಿದವರೆದುರು ಅವನು ವಿಂಡೋಸಿನಲ್ಲಿ ಅಳಿಸಿದ ಫೈಲುಗಳು ಬೀಳುವ ಕಸದ ಬುಟ್ಟಿ ತೆರೆದು ತೋರಿಸಿದ್ದ. ಯಾರೋ ಡಿಸೈನುಗಳನ್ನೆಲ್ಲ ಒಂದೇ ಫೈಲಾಗಿ ಗಂಟು ಕಟ್ಟಿ ನಕಲು ಮಾಡಿಕೊಂಡು, ಆಮೇಲೆ ಗಂಟನ್ನು ಅಳಿಸಿದ್ದರು. ಗಂಟು ಕಟ್ಟಿದ ಹೊತ್ತು, ಬಳ್ಳಿ ಅಂಗಡಿಯಲ್ಲಿ ಕಾಣುವ ಹಿಂದಿನ ವಾರದ ಗುರುವಾರ ಮಧ್ಯಾಹ್ನ ಎರಡೂವರೆ.

"ಆವಾಗ ಮನೇಲಿ ಯಾರಿದ್ರು?" ಶಾಲಿನಿ ಕೇಳಿದರು.

"ಗಗನ ಒಬ್ಬಳೇ. ನಾನು ನೂಲು ತರೋಕೆ ಮಂಡ್ಯಕ್ಕೆ ಬಂದಿದ್ದೆ, ಅತ್ತೆ ತವರಿಗೆ ಹೋಗಿದ್ರು, ಯಜಮಾನ್ರು ಆಫೀಸಲ್ಲಿ. ಪಾಸ್‌ವರ್ಡ್ ಗೊತ್ತಿರೋದೂ ನಂಗೆ, ಅವಳಿಗೆ. ಹಿಂದೆ ಮಂಡ್ಯದ ಅದೇ ಬ್ಲೌಸಿನ ಅಂಗಡೀಲಿ ಅವಳು ಕೆಲಸಾನೂ ಕೇಳಿದ್ಲು." ದೀಪಿಕ ಸೆರಗಿನ ತುದಿ ಹಿಡಿದುಕೊಂಡಳು. "ನಾನೂ ಬಾಯಿ ತಪ್ಪಿ, 'ನೀನೇನಾ' ಅಂದ್ಬುಟ್ಟೆ. ಅವತ್ತೇ ಮಳವಳ್ಳಿಗೆ ಸೋದರತ್ತೆ ಮನೆಗೆ ಹೊರಟೋದ್ಲು. ಫೋನೂ ಎತ್ತಲ್ಲ."

ಮರುದಿನ ಸಂಜೆ ಶಾಲಿನಿ ಮತ್ತು ಸಿದ್ದರಾಜು ಮದ್ದೂರಿಗೆ ಹೋದರು. ದೀಪಿಕಳ ಅತ್ತೆ ಯಶೋದಮ್ಮ ಬಿಸಿ ವಡೆ, ಚಟ್ನಿ, ಕಾಫಿ ತಂದಿಟ್ಟರು. ಗಗನ ಅವರ ಸ್ವಂತ ಮಗಳು. ಅಳು ಬರುವ ಕಡೆ ಸಿಟ್ಟು ತೋರಿಸುವ ಜಾತಿಯ ಹೆಂಗಸು ಎಂದು ಸಿದ್ದರಾಜುವಿಗೆ ಅವರನ್ನು ನೋಡಿದ ಕೂಡಲೇ ಗೊತ್ತಾಯಿತು.

"ಈ ಮಿಸಿನ್ನೂ ಬ್ಯಾಡ, ಯಾಪಾರಾನೂ ಬ್ಯಾಡ. ಭಾನುವಾರ ಮಾರ್ಬುಡಿ ಅಂದಿವ್ನಿ" ಎಂದರು ಯಶೋದಮ್ಮ. "ನನ್ ಮಗ್ಳನ್ನ ಕಳ್ಳಿ ಮಾಡ್ಬುಡ್ತು."

ಸಿದ್ದರಾಜು ಚಟ್ನಿಯನ್ನು ಎರಡನೆಯ ಸಲ ಬಡಿಸಿಕೊಂಡ. "ಒರಳಲ್ಲಿ ರುಬ್ಬಿದ್ದಾ ಅವ್ವ? ಸಂದಾಗದೆ."

"ಮಿಕ್ಸಿ ಮನೇಲಿರ್ವಾಗ ಒರಳು ಯಾರಪ್ಪ ತಿರುಗ್ತಾರೆ? ಅದು ಬಚ್ಚಲ ಪಕ್ಕ ಬಿದ್ದದೆ."

ದೀಪಿಕ ಕಂಪ್ಯೂಟರ್ ಹಚ್ಚಿ, ಕಪ್ಪು ತೆರೆಯಲ್ಲಿ ವಿಂಡೋಸ್ ಆರಿಸಿ, ಆ ಗಂಟನ್ನು ತೋರಿಸಿದಳು. ಗುರುವಾರ, ಎರಡೂವರೆ. ಶಾಲಿನಿ ಅದನ್ನು ಅಷ್ಟಾಗಿ ನೋಡಲಿಲ್ಲ. ಅವರ ಕಣ್ಣು ತೆರೆಯ ಕೆಳಮೂಲೆಯಲ್ಲಿತ್ತು. ಸಿದ್ದರಾಜುವೂ ಬಗ್ಗಿ ನೋಡಿದ. ಹತ್ತೂವರೆ ಎಂದು ಸಣ್ಣ ಅಂಕಿಗಳಿದ್ದವು, ಅಷ್ಟೇ. ಶಾಲಿನಿ ಕೈಯಲ್ಲಿದ್ದ ಕಾಫಿ ಲೋಟವನ್ನೊಮ್ಮೆ ನೋಡಿಕೊಂಡು, ಪಕ್ಕದಲ್ಲಿದ್ದ ಹೊಸ ಪ್ರಿಂಟರಿನ ಮೇಲೆ ಕೈಯಿಟ್ಟರು.

"ಇದನ್ನ ಯಾವಾಗ ತಂದ್ರಿ?"

"ಅದೇ ಗುರುವಾರ ಸಂಜೆ. ಪ್ರಸನ್ನ ಅವ್ರೇ ತಂದು ಜೋಡಿಸಿಕೊಟ್ರು. ಗಗನ ಲಿನಕ್ಸಲ್ಲಿ ಬಿಲ್ಲು ಮಾಡ್ತಿದ್ಲು. ಎಬ್ಬಿಸಿ, ನಾನು ವಿಂಡೋಸ್ ತೆಗ್ದುಕೊಟ್ಟೆ. ಊಟ ಮಾಡ್ಕೊಂಡೇ ಹೋದ್ರು."

ಹೊರಗೆ ಬಂದ ಮೇಲೆ ಸಿದ್ದರಾಜು ತನ್ನ ತೀರ್ಮಾನ ಹೇಳಿದ. "ನಂಗೆ ಆ ಪುಕ್ಸಟ್ಟೆ ಸಿಸ್ಟಮ್ ಮೇಲೇ ಅನುಮಾನ ಮೇಡಂ. ಕಾಸಿಲ್ದೆ ಕೊಟ್ಟೋರು ಒಳಗಿಂದ ಏನೋ ಎತ್ಕೊಂಡೇ ಎತ್ಕೋತಾರೆ."

"ಅರ್ಧ ಸರಿ ಸಿದ್ದರಾಜು. ಆ ಸಿಸ್ಟಮ್ಮು ಸುಮ್ಮನೆ ಕೂತಿಲ್ಲ" ಎಂದು ಶಾಲಿನಿ ನಕ್ಕರು. ಅರ್ಧ ಸರಿ ಎನ್ನಿಸಿಕೊಂಡ ಖುಷಿಯಲ್ಲಿ ಅವನು ಯಾವ ಅರ್ಧ ಎಂದು ಕೇಳುವುದನ್ನೇ ಮರೆತ.

ಮಾರನೆಯ ಬೆಳಗ್ಗೆ ಮಳವಳ್ಳಿಯ ಬಸ್ಸು. ಗಗನಳ ಸೋದರತ್ತೆ ಪಟ್ಟಲಮ್ಮ ಇವರನ್ನು ಒಳಗೆ ಕರೆದರೂ ಮುಖ ಸಡಿಲಿಸಲಿಲ್ಲ. ಗಗನ ಗೋಡೆಗೊರಗಿ ನಿಂತಿದ್ದಳು.

"ಅತ್ತಿಗೆ ನನ್ನ ಮುಖ ನೋಡ್ಕೊಂಡು 'ನೀನೇನಾ' ಅಂದ್ರು. ಆಮೇಲೆ ನಾನೇನ್ ಮಾತಾಡ್ಲಿ? ಯಾವ ಹೊತ್ತಲ್ಲಿ ಕದ್ದೆ ಅಂತಾನೂ ಅವರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

"ಗುರುವಾರ ಮಧ್ಯಾಹ್ನ ಏನು ಮಾಡ್ತಿದ್ದೆ?"

"ಇನ್ನೇನ್ ಮಾಡ್ಲಿ, ಒರಳಲ್ಲಿ ಖಾರ ರುಬ್ತಿದ್ದೆ. ರಾತ್ರಿ ಪ್ರಸನ್ನಣ್ಣ ಊಟಕ್ಕೆ ಬತ್ತಾರೆ, ಬಸ್ಸಾರು ಮಾಡು ಅಂತ ಅವ್ವ ಹೇಳೋಗಿತ್ತು. ಊಟದ ಹೊತ್ತಿಗೆ ಮುಂಚೇನೇ ಆಗಿರ್ಬೇಕಲ್ಲ." ಅಂಗೈ ತೋರಿಸಿದಳು. ಬೊಬ್ಬೆ ಒಡೆದ ಗುರುತು ಇನ್ನೂ ಇತ್ತು.

ಶಾಲಿನಿ ಎದ್ದು ಅವಳ ಕಿವಿಯಲ್ಲಿ ಏನನ್ನೋ ಕೇಳಿದರು. ಗಗನ ಹುಬ್ಬೇರಿಸಿ, "ಹೂಂ, ಹಂಗೇ ಆಯ್ತದೆ. ಸರಿ ಮಾಡಣ ಅಂತಿದ್ದೆ" ಎಂದಳು. ಗುಮಾಸ್ತನನ್ನು ಹೊರಗಿಟ್ಟು ಪಿಸುಗುಟ್ಟಿದ್ದು ಸಿದ್ದರಾಜುವಿಗೆ ಸರಿಬರಲಿಲ್ಲ. ವಾಪಸು ಬಸ್ಸಿನಲ್ಲಿ ಮದ್ದೂರು ಬರುವ ತನಕ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ.

ಭಾನುವಾರ ಬೆಳಗ್ಗೆ ದೀಪಿಕಳ ನಡುಮನೆಯಲ್ಲಿ ಎಲ್ಲರೂ ಸೇರಿದರು. ಯಶೋದಮ್ಮ, ಅವರ ಮಗ, ದೀಪಿಕಳ ಗಂಡ ಶಶಿಧರ್, ದೀಪಿಕ, ಕರೆದ ಕೂಡಲೇ ಬಂದಿದ್ದ ಪ್ರಸನ್ನ. ಪಟ್ಟಲಮ್ಮನ ಜೊತೆ ಬಂದ ಗಗನ ಹೊಸ್ತಿಲು ದಾಟದೆ ಜಗುಲಿಯಲ್ಲೇ ಕೂತಳು. ದೀಪಿಕ ಎರಡು ಸಲ ಎದ್ದು, ಎರಡು ಸಲವೂ ಧೈರ್ಯ ಸಾಲದೆ ಕೂತಳು.

"ಮೊದಲು ಒಂದು ಸಣ್ಣ ಪ್ರಶ್ನೆ" ಶಾಲಿನಿ ಶುರುಮಾಡಿದರು. "ಆ ಗುರುವಾರ ಮಧ್ಯಾಹ್ನ ಮಿಕ್ಸಿ ಇದ್ದೂ ಗಗನ ಒರಳು ಯಾಕೆ ತಿರುಗಿಸಿದಳು?"

ತಟ್ಟನೆ ಶಶಿಧರ್ ಹಣೆಗೆ ಕೈ ಒತ್ತಿಕೊಂಡ. "ಕರೆಂಟಿರ್ಲಿಲ್ಲ. ಲೈನ್ ರಿಪೇರಿ ಅಂತ ಬೆಳಗ್ಗೆಯಿಂದ ಸಂಜೆ ತಂಕ ತೆಗ್ದಿದ್ರು."

"ಹೌದು" ಎಂದಳು ದೀಪಿಕ ನಿಧಾನವಾಗಿ. "ಮಿಶಿನ್ನು ಓಡಲ್ವಲ್ಲ ಅಂತಾನೇ ನಾನು ನೂಲಿಗೆ ಹೋದದ್ದು."

"ಈ ಕಂಪ್ಯೂಟರಿಗೆ ಯುಪಿಎಸ್ ಇಲ್ಲ. ಕರೆಂಟಿಲ್ಲದ ಎರಡೂವರೆಗೆ ಇದು ಹೊತ್ತಿಕೊಂಡು ಗಂಟು ಕಟ್ಟಿತೇ? ಇಲ್ಲ. ಅಂದ ಮೇಲೆ ಸುಳ್ಳು ಹೇಳುತ್ತಿರುವುದು ಇದರ ಗಡಿಯಾರ. ಮೊನ್ನೆ ಸಂಜೆ ನಾಲ್ಕಕ್ಕೆ ನಾನು ಇಲ್ಲಿ ಕಾಫಿ ಕುಡಿಯುತ್ತಿದ್ದಾಗ ಇದು ಹತ್ತೂವರೆ ತೋರಿಸುತ್ತಿತ್ತು. ಎಷ್ಟು ಹಿಂದೆ? ಐದೂವರೆ ಗಂಟೆ. ಯಾಕೆ ಅಂತ ಗಗನ ಹೇಳಲಿ."

ಜಗುಲಿಯಿಂದಲೇ ಗಗನಳ ದನಿ ಬಂತು. "ಲಿನಕ್ಸು ಯಂತ್ರದೊಳಗಿನ ಗಡಿಯಾರನ ಲಂಡನ್ ಕಡೆ ಟೈಮಿಗೆ ಇಟ್ಕೋತದೆ. ತೆರೆ ಮೇಲೆ ತೋರ್ಸೋವಾಗ ಐದೂವರೆ ಕೂಡ್ತದೆ. ಆಮೇಲೆ ವಿಂಡೋಸ್ ತೆಗುದ್ರೆ, ಅದೇ ನಮ್ಮೂರ್ ಟೈಮು ಅಂದ್ಕೊಂಡು ಕೂಡದೇ ತೋರ್ಸ್ತದೆ. ನೆಟ್ ಇದ್ದಿದ್ರೆ ಸರಿ ಮಾಡ್ಕೋತಿತ್ತು. ಎರಡ್ರದ್ದೂ ತಪ್ಪಲ್ಲ, ಲೆಕ್ಕ ಬೇರೆ."

ಶಾಲಿನಿ ಕಣ್ಸನ್ನೆ ಮಾಡಿದರು. ದೀಪಿಕ ಲಿನಕ್ಸ್ ತೆಗೆದಳು, ಗೋಡೆಯ ಗಡಿಯಾರಕ್ಕೂ ಅದಕ್ಕೂ ಸರಿಹೋಯಿತು. ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿ ವಿಂಡೋಸ್ ತೆಗೆದಳು. ಎಲ್ಲರ ಕಣ್ಣೆದುರೇ ಹೊತ್ತು ಬೆಳಗಿನ ಜಾವಕ್ಕೆ ಜಾರಿತ್ತು. ಸಿದ್ದರಾಜು ತನ್ನ ಕೈಗಡಿಯಾರವನ್ನೂ ಒಮ್ಮೆ ನೋಡಿ ಖಾತ್ರಿ ಮಾಡಿಕೊಂಡ.

"ಎರಡೂವರೆಗೆ ಐದೂವರೆ ಕೂಡಿಸಿ. ರಾತ್ರಿ ಎಂಟು. ಆಗ ಕಂಪ್ಯೂಟರಿನ ಮುಂದೆ ಯಾರಿದ್ದರು?"

ಯಶೋದಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಪ್ರಸನ್ನ ಮಾತ್ರ ನಕ್ಕ. "ಮೇಡಂ, ನಾನು ಪ್ರಿಂಟರ್ ಹಾಕಿ ಎದ್ದೆ. ಗಡಿಯಾರ ಅವತ್ತೂ ತಪ್ಪಿತ್ತು ಅಂತ ಹೆಂಗೆ ಹೇಳ್ತೀರಾ?"

"ಪ್ರಿಂಟರ್ ಹಾಕಿದ್ದು ಎಷ್ಟು ಹೊತ್ತಿಗೆ ಪ್ರಸನ್ನ?"

"ಏಳೂ ಮುಕ್ಕಾಲು ಇರ್ಬೇಕು. ಎಲ್ಲಾರೂ ನೋಡವ್ರೆ."

"ಅದನ್ನೇ ಕೇಳಬೇಕಿತ್ತು. ದೀಪಿಕ, ಆ ಪ್ರಿಂಟರಿನ ತಂತ್ರಾಂಶ ಯಾವ ಹೊತ್ತಿಗೆ ಸೇರಿದೆ ಅಂತ ಇದರಲ್ಲೇ ತೆಗೆ."

ದೀಪಿಕ ತೆಗೆದು, ಗಟ್ಟಿಯಾಗಿ ಓದಿದಳು. "ಗುರುವಾರ, ಮಧ್ಯಾಹ್ನ ಎರಡೂಕಾಲು."

ಪ್ರಸನ್ನನ ನಗು ಅಲ್ಲಿಗೆ ನಿಂತಿತು.

"ನೀವು ಮನೆಮಂದಿಯೆದುರು ಏಳೂ ಮುಕ್ಕಾಲಿಗೆ ಮಾಡಿದ ಕೆಲಸವನ್ನು ಇದು ಎರಡೂಕಾಲು ಅಂತ ಬರೆದುಕೊಂಡಿದೆ. ಅದಾದ ಸ್ವಲ್ಪ ಹೊತ್ತಿಗೆ ಕಳ್ಳಗಂಟು. ಆಗ ಶಶಿಧರ್ ಇನ್ನೂ ಆಫೀಸಿನಿಂದ ಬಂದಿರಲಿಲ್ಲ, ದೀಪಿಕ, ಗಗನ, ಯಶೋದಮ್ಮ ಅಡುಗೆಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದರು. ಪಾಸ್‌ವರ್ಡ್ ನಿಮಗೆ ಬೇಕೇ ಇರಲಿಲ್ಲ. ದೀಪಿಕ ತಾನೇ ತೆಗೆದುಕೊಟ್ಟಿದ್ದಳು. ಮಂಡ್ಯದ ಆ ಅಂಗಡಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರೂ ನೀವೇ ಅಂತ ನಿನ್ನೆ ಫೋನು ಮಾಡಿ ಕೇಳಿಕೊಂಡೆ." ಶಾಲಿನಿ ದನಿ ಏರಿಸಲಿಲ್ಲ. "ಆದರೂ ನನಗೆ ನಿಮ್ಮ ಮೇಲೆ ಗುಮಾನಿ ಬಂದದ್ದು ಅದಕ್ಕೂ ಮುಂಚೆ. ಈ ಕಸುಬಿನವರು ತಪ್ಪಿದ ಗಡಿಯಾರ ಕಂಡರೆ ಮೊದಲು ಅದನ್ನು ಸರಿಮಾಡುತ್ತಾರೆ. ನೀವು ಮನೆಯವರನ್ನು ಕೂರಿಸಿಕೊಂಡು ಆ ಹೊತ್ತನ್ನೇ ಸಾಕ್ಷಿಯಾಗಿ ಓದಿದಿರಿ. ಗೊತ್ತಿಲ್ಲದವರು ಓದಿದ್ದರೆ ತಪ್ಪು ಅನ್ನುತ್ತಿದ್ದೆ."

"ಆ ಹುಡ್ಗಿ ಬಂದು ನನ್ ಕೆಲ್ಸಕ್ಕೇ ಕಲ್ಲು ಹಾಕುದ್ಲು" ಎಂದ ಪ್ರಸನ್ನ ನೆಲ ನೋಡುತ್ತ. "ಲಿನಕ್ಸ್ ಹಾಕ್ಕೊಟ್ಟು, ಇನ್ಮೇಲೆ ರಿಪೇರಿನೂ ನಾನೇ ನೋಡ್ಕೋತೀನಿ ಅಂದ್ಲು. ಬೀದಿಯೋರೆಲ್ಲ ಇವಳ್ನೇ ಕರೀತಿದ್ರು."

"ನಮ್ಮನೇಲಿ ಉಂಡ್ಕೊಂಡು, ನಮ್ಮೋರ್ ಕೈಲೇ ನನ್ ಮಗ್ಳನ್ನ ಈಚೆಗೆ ದಬ್ಬುಸ್ದಲ್ಲೋ" ಎಂದರು ಯಶೋದಮ್ಮ. ಅವರ ಸಿಟ್ಟೆಲ್ಲ ಇಳಿದು ಬರೀ ಅಳು ಉಳಿದಿತ್ತು.

ಅಂಗಡಿಯವರಿಂದ ಬಳ್ಳಿಯ ಡಿಸೈನು ತೆಗೆಸುವುದಾಗಿ, ಗಗನಳ ಮೇಲೆ ಹೊರಿಸಿದ್ದು ಸುಳ್ಳೆಂದು ಬೀದಿಯವರ ಮುಂದೆ ಹೇಳುವುದಾಗಿ ಪ್ರಸನ್ನ ಒಪ್ಪಿಕೊಂಡ ಮೇಲೆಯೇ ಶಾಲಿನಿ ಅವನನ್ನು ಹೋಗಗೊಟ್ಟರು. ನೋಟೀಸು ಹೇಗೂ ನಾಳೆ ಹೋಗುತ್ತದೆ ಎಂದು ಸಿದ್ದರಾಜು ತನ್ನ ಕಡೆಯಿಂದ ಸೇರಿಸಿದ.

"ಈಗ ಯಾವ್ದು ಇಟ್ಕೊಳ್ಳೋಣ ಮೇಡಂ?" ಶಶಿಧರ್ ಕೇಳಿದ. "ವಿಂಡೋಸೋ, ಲಿನಕ್ಸೋ? ಇಷ್ಟೆಲ್ಲ ಆಗಿದ್ದು ಎರಡಿದ್ದಿದ್ದಕ್ಕೇ."

"ಕಸೂತಿಗೆ ಬೇಕಾದ್ದು ಕಸೂತಿಗೆ ಇರಲಿ, ಬಿಲ್ಲಿಗೆ ಬೇಕಾದ್ದು ಬಿಲ್ಲಿಗೆ. ಗಡಿಯಾರ ಸರಿ ಮಾಡೋದು ಕಾಲು ಗಂಟೆ ಕೆಲಸ. ಮೊದಲು ಇದರ ಮುಂದೆ ಕೂರೋರು ಯಾರು ಅನ್ನೋದು ತೀರ್ಮಾನ ಆಗಲಿ."

ಈ ಸಲ ದೀಪಿಕ ಎದ್ದವಳು ಮತ್ತೆ ಕೂರಲಿಲ್ಲ. ಜಗುಲಿಗೆ ಹೋಗಿ ಗಗನಳ ಪಕ್ಕ ಕೂತಳು. "ನಂಗೆ ಗೊತ್ತಿತ್ತು ನೀನಲ್ಲ ಅಂತ. ಗೊತ್ತಿದ್ದೂ ಕೇಳ್ದೆ. ಅದೇ ತಪ್ಪು."

ಗಗನ ಎದ್ದು, ಯಾರ ಮುಖವನ್ನೂ ನೋಡದೆ ಒಳಗೆ ಬಂದು, ಕುರ್ಚಿ ಎಳೆದುಕೊಂಡು ಕೂತಳು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು. ಕಪ್ಪು ತೆರೆಯ ಮೇಲೆ ಎರಡು ಹೆಸರು ಮೂಡಿದವು.

"ಯಾವ್ದು ಒತ್ಲಿ ಅತ್ತಿಗೆ?"

ದೀಪಿಕ ಅವಳ ಭುಜದ ಮೇಲೆ ಕೈಯಿಟ್ಟಳು. "ಇನ್ಮೇಲೆ ಅದ್ನ ನನ್ನ ಕೇಳ್ಬೇಡ."