ಎರಡು ಬೆರಳು ಬಟ್ಟೆ

"ಹತ್ತು ದಿನದ ತಿರುಗಾಟಕ್ಕೆ ನನ್ನ ಪೆಟ್ಟಿಗೇಲಿ ಚಳಿಗಾಲದ ಕೋಟು ಯಾಕೆ ಇಟ್ಟಿದ್ದೀಯ?"

ಅತ್ತೆ ಕೇಳಿದ ಮಾತಿಗೆ ಸೊಸೆ ತಿರುಗಿ ನೋಡಲಿಲ್ಲ. "ಇರ್ಲಿ ಅಂತ ಇಟ್ಟೆ ಅತ್ತೆ" ಎಂದವಳೇ ಹಡಗಿನ ಆ ಪುಟ್ಟ ಕೋಣೆಯ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು.

ಇರ್ಲಿ ಅಂತ! ಅತ್ತೆಯ ಎದೆಯಲ್ಲಿ ಮುಳ್ಳಾಡಿತು. ನಲವತ್ತು ವರ್ಷ ಬೀದಿಯವರ ಬಟ್ಟೆ ಹೊಲಿದ ದರ್ಜಿ ಅವಳು. ಮಾತಿಗೆ ಮಾತು ಬೆಳೆಸುತ್ತಿದ್ದ ಸೊಸೆ ಇದ್ದಕ್ಕಿದ್ದಂತೆ ಬೆಣ್ಣೆಯಾಗಿ, "ಎರಡು ಸಮುದ್ರ ಸೇರಿಸೋ ಕಾಲುವೆ ನೋಡ್ಬೇಕು ಅಂತಿದ್ರಲ್ಲ, ಹೋಗೋಣ" ಎಂದಾಗಲೇ ಅನುಮಾನ ಹುಟ್ಟಿತ್ತು. ಕಾಲುವೆ ದಾಟಿದರೆ ಸಿಗುವ ಬಂದರಿನಲ್ಲೇ ಮಗಳ ಮನೆ. ಕೆಟ್ಟ ಹೊಲಿಗೆ ಯಂತ್ರದ ಹಾಗೆ ತನ್ನನ್ನು ಅಲ್ಲಿ ಇಳಿಸಿ ಬರುವ ಹುನ್ನಾರವೇ ಇದು?

ಊಟದ ಮೇಜಿನ ಮೇಲೆ ನೂರು ಬಗೆ ಇದ್ದರೂ ಸೊಸೆ ಗುಬ್ಬಿಯಂತೆ ಕೆದಕಿ ಏಳುತ್ತಿದ್ದಳು. "ಮೈ ಸಣ್ಣ ಮಾಡ್ಕೊಂಡು ಯಾರಿಗೆ ತೋರಿಸ್ಬೇಕಾಗಿದೆಯಮ್ಮಾ?" ಎಂದು ಅತ್ತೆ ಚುಚ್ಚಿದರೆ, ಜೊತೆಗೆ ಬಂದಿದ್ದ ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಎರಡು ಸಲ ಸೊಸೆ ಹಡಗಿನ ಡಾಕ್ಟರ ಕೋಣೆಯಿಂದ ಹೊರಬಂದದ್ದನ್ನೂ ಅತ್ತೆ ಕಂಡಿದ್ದಳು. ಮುದುಕಿಗೆ ತಲೆ ಸರಿಯಿಲ್ಲವೆಂದು ಚೀಟಿ ಬರೆಸುತ್ತಿರಬೇಕು!

ಮೂರನೆಯ ದಿನ ಬೆಳಿಗ್ಗೆ ಹಡಗು ಕಾಲುವೆಯ ಮೊದಲ ಬಾಗಿಲು ಹೊಕ್ಕಿತು. ಎರಡು ಗೋಡೆಗಳ ನಡುವೆ ಹಡಗನ್ನು ನಿಲ್ಲಿಸಿ, ಹಿಂದಿನ ಬಾಗಿಲು ಮುಚ್ಚಿ, ನೀರು ತುಂಬಿಸಿ ಮೇಲೆತ್ತುತ್ತಾರಂತೆ. ಜನವೆಲ್ಲ ಮೇಲಕ್ಕೆ ಓಡಿತು. "ತಲೆನೋವು" ಎಂದು ಉಳಿದ ಅತ್ತೆ, ಆ ಚೀಟಿಗಾಗಿ ಸೊಸೆಯ ಪೆಟ್ಟಿಗೆ ತೆರೆದಳು.

ಚೀಟಿ ಸಿಗಲಿಲ್ಲ. ತಾನೇ ಹೊಲಿದುಕೊಟ್ಟಿದ್ದ ಅಂಗಿಗಳು ಸಿಕ್ಕವು. ಒಂದರ ಎರಡೂ ಪಕ್ಕ ಒಳಗೆ ಹಿಡಿದು ಹೊಲಿದಿತ್ತು. ಇನ್ನೊಂದರಲ್ಲಿ ಅದಕ್ಕೂ ಒಳಗೆ. ಮತ್ತೊಂದರಲ್ಲಿ ಇನ್ನೂ ಒಳಗೆ... ಅದರಲ್ಲಿ ಹೊಲಿಗೆಯಾಚೆ ಉಳಿದ ಬಟ್ಟೆಯನ್ನು ಕತ್ತರಿಸಿ ಎಸೆದಿತ್ತು!

ಅತ್ತೆ ಆ ಅಂಗಿಯನ್ನು ಮಡಿಲಿಗೆಳೆದುಕೊಂಡಳು. ಇಳಿದ ಮೈ ಮತ್ತೆ ತುಂಬೀತು, ಬಿಚ್ಚಿಕೊಳ್ಳಲು ಒಳಗೆ ಎರಡು ಬೆರಳು ಬಟ್ಟೆ ಇರಲೇಬೇಕು. ಹೊಲಿಗೆ ಕಲಿಸುವಾಗ ಅಳತೆಕೋಲಿನಿಂದ ಕೈಗೆ ಒಂದೇಟು ಕೊಟ್ಟು ಸೊಸೆಗೆ ಹೇಳಿದ್ದ ಮೊದಲ ಪಾಠವೇ ಅದು. ಅದನ್ನು ಕತ್ತರಿಸಿದ್ದಾಳೆಂದರೆ... ಮೈ ತುಂಬುವ ಆಸೆಯನ್ನೇ ಬಿಟ್ಟಿದ್ದಾಳೆ!

ಕಿಟಕಿಯಾಚೆ ಪಾಚಿ ಹಿಡಿದ ಗೋಡೆ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಬಾಗಿಲು ತೆರೆದು ಬಂದ ಸೊಸೆ, ಅತ್ತೆಯ ಮಡಿಲಲ್ಲಿದ್ದ ಅಂಗಿ ಕಂಡು ನಿಂತುಬಿಟ್ಟಳು.

"ಏನೇ ಇದು? ಡಾಕ್ಟರು ಏನಂದ್ರು?"

"ಮುಂದಿನ ಚಳಿಗಾಲ ನೋಡೋದು ಕಷ್ಟ ಅಂದ್ರು ಅತ್ತೆ. ನಿಮ್ಮ ಮಗನಿಂದ್ಲೂ ಆಣೆ ಹಾಕಿಸ್ಕೊಂಡೆ, ನಿಮಗೆ ಹೇಳ್ಬಾರ್ದು ಅಂತ."

"ನನ್ನನ್ನ ಮಗಳ ಮನೇಲಿ ಬಿಡೋಕೆ ತಾನೇ ಕರ್ಕೊಂಡು ಬಂದೆ?"

"ಹೌದು." ಸೊಸೆ ತಲೆ ತಗ್ಗಿಸಲಿಲ್ಲ. "ನಾನು ಹಾಸಿಗೆ ಹಿಡಿದ್ರೆ ನಿಮಗೆ ಹೊತ್ತಿಗೆ ಸರಿಯಾಗಿ ಊಟ ಯಾರು ಹಾಕ್ತಾರೆ? ಅಲ್ಲಾದ್ರೆ... ಬೈಯೋಕೆ ಮಗಳಾದ್ರೂ ಇರ್ತಾಳೆ."

ಅತ್ತೆಯ ಅನುಮಾನ ನಿಜವೇ ಆಗಿತ್ತು. ಅಯ್ಯೋ, ಸುಳ್ಳಾಗಬಾರದಿತ್ತೇ!

ಅವಳು ಅಳಲಿಲ್ಲ. ಕತ್ತರಿ ತೆಗೆದು, ತನ್ನ ಚಳಿಗಾಲದ ಕೋಟಿನ ಒಳಪದರದ ಬಟ್ಟೆಯನ್ನು ಪರ‍್ರನೆ ಸೀಳಿದಳು.

"ಅತ್ತೆ! ಕೋಟು ಹಾಳಾಯ್ತಲ್ಲ!"

"ಆಗ್ಲಿ. ಮಗಳು ಬಂದರಿಗೇ ಬಂದು ಮುಖ ನೋಡ್ಕೊಂಡು ಹೋಗ್ಲಿ. ನಿನ್ನ ಬೈಯೋದು ಇನ್ನೂ ಬಾಕಿ ಇದೆ, ನಾನೆಲ್ಲಿಗೆ ಇಳೀಲಿ? ಇಷ್ಟು ವರ್ಷ ಕಲಿಸಿದ್ರೂ ಹೊಲಿಗೆ ನೋಡು, ಕೋಳಿ ಕೆದಕಿದ ಹಾಗಿದೆ! ಬಾ ಇಲ್ಲಿ... ಕೈ ಎತ್ತು."

ಸೊಸೆ ಬಿಕ್ಕುತ್ತಲೇ ಕೈ ಎತ್ತಿದಳು. ಹಡಗು ಮೇಲೇರಿ, ಕೋಣೆಯೊಳಗೆ ಬಿಸಿಲು ಬಿದ್ದಿತು. ಅತ್ತೆ ಟೇಪು ಸುತ್ತಿ ಎಲುಬಿನಂತಾದ ಆ ಮೈಯನ್ನು ಅಳೆದಳು. ಆಮೇಲೆ ಅವಳಿಗೊಂದು ಹೊಸ ಅಂಗಿಗೆಂದು ಆ ಸೀಳಿದ ಬಟ್ಟೆಯ ಮೇಲೆ, ಬಂದ ಅಳತೆಗೆ ಎರಡು ಬೆರಳು ಸೇರಿಸಿ ಗುರುತು ಹಾಕಿದಳು.