ಮೂವತ್ತೊಂದು ಸ್ಲೈಡುಗಳು

2025ರ ಅಕ್ಟೋಬರ್ 13, ಸೋಮವಾರ. ಬೆಳಿಗ್ಗೆ 10.40ಕ್ಕೆ ತೊಕ್ಕೊಟ್ಟು ಕಡೆಯ ಠಾಣೆಗೆ ಸಬೀನಾ ಎಂಬ ಇಪ್ಪತ್ತಾರು ವರ್ಷದ ಹೆಂಗಸು ಬಂದಳು. ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ಅವಳಿಗೆ ಕೆಲಸ. ಇನ್ಸ್‌ಪೆಕ್ಟರ್ ಲೀಲಾಧರ ಪುತ್ರನ್ ಅವರ ಮೇಜಿನ ಮೇಲೆ ಅವಳು ಎರಡು ಕಾಗದ ಇಟ್ಟಳು.

ಒಂದು, ಬಡ ಹೆಂಗಸರಿಗೆ ಸರ್ಕಾರ ಖರ್ಚು ಕೊಟ್ಟು ಮಾಡಿಸುವ ಕ್ಯಾನ್ಸರ್ ತಪಾಸಣೆಯ ವರದಿ. ಅವಳ ತಾಯಿಯದ್ದು, ಹೆಸರು ಪಾತುಮ್ಮ, ವಯಸ್ಸು 52. ಗರ್ಭಕೋಶದ ಕೊರಳಿನ ಪರೀಕ್ಷೆ, ಮಾರ್ಚ್ 18, ಬೆಳಿಗ್ಗೆ 11.20. ದೋಷವಿಲ್ಲ ಎಂದು ಬರೆದಿತ್ತು. ಇನ್ನೊಂದು, ಹಿಂದಿನ ವಾರ ಆಸ್ಪತ್ರೆಯಲ್ಲಿ ಕೊಟ್ಟದ್ದು. ಅದೇ ಪಾತುಮ್ಮನಿಗೆ ಅದೇ ಜಾಗದಲ್ಲಿ ಕ್ಯಾನ್ಸರ್, ಮೂರನೇ ಹಂತ.

"ವರದಿ ತಪ್ಪಾದರೆ ಅದು ಡಾಕ್ಟರರ ಕೌನ್ಸಿಲಿಗೆ ಹೋಗುವ ವಿಷಯ ಅಮ್ಮಾ. ನಾವು ಎಂತ ಮಾಡುವುದು?" ಎಂದರು ಲೀಲಾಧರ.

"ಜೂನಿನಿಂದ ರಕ್ತ ಹೋಗ್ತಿತ್ತು ಸರ್. ಆಸ್ಪತ್ರೆಗೆ ಹೋಗುವಾ ಅಂದ್ರೆ ಉಮ್ಮ ಈ ಕಾಗದ ತೆಗೆದು ತೋರಿಸುವುದು. ಸರ್ಕಾರವೇ ಬರೆದು ಕೊಟ್ಟಿದೆ, ನಿನಗೆ ಸರ್ಕಾರಕ್ಕಿಂತ ಜಾಸ್ತಿ ಗೊತ್ತುಂಟಾ ಅಂತ. ನಾಲ್ಕು ತಿಂಗಳು ಹಾಗೆ ಹೋಯ್ತು. ಮೊದಲೇ ಬಂದಿದ್ರೆ ಉಳಿಸಬಹುದಿತ್ತು ಅಂತಾರೆ ಡಾಕ್ಟ್ರು."

ಅವಳು ಅಳಲಿಲ್ಲ. ಅಳುವವರಿಗೆ ಸಮಾಧಾನ ಹೇಳಿ ಕಳಿಸಬಹುದು, ಅಳದವರನ್ನು ಹಾಗೆ ಕಳಿಸಲು ಆಗುವುದಿಲ್ಲ ಎಂಬುದು ಲೀಲಾಧರರಿಗೆ ಇಪ್ಪತ್ತಾರು ವರ್ಷದ ನೌಕರಿ ಕಲಿಸಿತ್ತು. ಅರ್ಜಿ ತೆಗೆದುಕೊಂಡು ರಶೀದಿ ಕೊಟ್ಟರು.

ಮಧ್ಯಾಹ್ನ 3.15ಕ್ಕೆ ಹೆಡ್ ಕಾನ್‌ಸ್ಟೇಬಲ್ ರತ್ನಾವತಿಯ ಜೊತೆ ಪಾತುಮ್ಮನ ಮನೆಗೆ ಹೋದರು. ಹೆಂಗಸರ ಮಾತು ಎಂದು ಲೀಲಾಧರ ಹೊರಗೆ ಜಗಲಿಯಲ್ಲೇ ಕೂತರು. ಬಾಗಿಲು ತೆರೆದೇ ಇತ್ತು. ಪಾತುಮ್ಮ ಮಂಚದಲ್ಲಿ ಮಲಗಿದ್ದರು. ಬೀಡಿ ಕಟ್ಟುವ ಗೆರಸೆ ಗೋಡೆಗೆ ಒರಗಿಸಿಟ್ಟದ್ದು ಹಾಗೇ ಇತ್ತು.

"ಪಾತುಮ್ಮಕ್ಕ, ಮಾರ್ಚ್ ಹದಿನೆಂಟಕ್ಕೆ ಒಳಗಿನ ಪರೀಕ್ಷೆ ಮಾಡಿದ್ದು ಯಾರು?" ಎಂದು ಕೇಳಿದಳು ರತ್ನಾವತಿ.

"ಮಾರ್ಚಾ? ಅದು ನಮ್ಮ ನೋಂಬಿನ ತಿಂಗಳು ಅಲ್ಲವಾ."

"ನೋಂಬು ಅಂದ್ರೆ ಊಟ ಮಾಡಬಾರದು, ಅಷ್ಟೇ ಅಲ್ಲವಾ?"

"ನಿನಗೆ ಯಾರು ಹೇಳಿದ್ದು ಮಗಾ? ಉಪವಾಸ ಇರುವಾಗ ಹಗಲು ಮೈಯೊಳಗೆ ಎಂತದೂ ಹಾಕಬಾರದು. ನೋಂಬು ಮುರೀತದೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ನಮ್ಮ ಯಾವ ಹೆಂಗಸೂ ಅದಕ್ಕೆ ಒಪ್ಪೋದಿಲ್ಲ. ನನ್ನ ಟೆಸ್ಟ್ ಅದಕ್ಕೆ ಮೊದಲೇ ಆಗಿತ್ತು. ಕ್ಯಾಂಪಿನ ನರ್ಸ್ ಬ್ರೆಂಡಾ ಬಾಯಿ ಬಂದು ಬೆರಳಿಗೆ ಚುಚ್ಚಿ ರಕ್ತ ತೆಗೆದ್ರಲ್ಲ, ಫೆಬ್ರವರಿಯಲ್ಲಿ."

ರತ್ನಾವತಿಯ ಪೆನ್ನು ನಿಂತಿತು. "ಒಳಗಿನ ಪರೀಕ್ಷೆ ಮಾಡಲೇ ಇಲ್ಲವಾ ಅಕ್ಕ?"

"ಅದು ಬೇರೆ ಉಂಟಾ?" ಎಂದರು ಪಾತುಮ್ಮ.

ಒಂದು ಹನಿ ರಕ್ತವನ್ನೇ ಅವರು ಕ್ಯಾನ್ಸರ್ ಪರೀಕ್ಷೆ ಎಂದುಕೊಂಡಿದ್ದರು. ಜಗಲಿಯಲ್ಲಿ ಕೂತಿದ್ದ ಲೀಲಾಧರ ಎದ್ದು ನಿಂತರು. ಇದು ತಪ್ಪು ವರದಿಯಲ್ಲ, ನಡೆಯದ ಪರೀಕ್ಷೆಯ ವರದಿ. ಸಂಜೆ 6.30ಕ್ಕೆ ವಂಚನೆ, ನಕಲಿ ದಾಖಲೆ ಸೃಷ್ಟಿ ಮತ್ತು ಜೀವಕ್ಕೆ ಅಪಾಯ ತಂದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು.

ಆರೋಗ್ಯ ಇಲಾಖೆಯಿಂದ ಮರುದಿನ ಪಟ್ಟಿ ಸಿಕ್ಕಿತು. ಮಾರ್ಚ್ 18ರಂದು ಒಂದೇ ವಾರ್ಡಿನ ಮೂವತ್ತೊಂದು ಹೆಂಗಸರ ಪರೀಕ್ಷೆ ನಡೆದಿದೆ ಎಂದಿತ್ತು. ಅವರಲ್ಲಿ ಇಪ್ಪತ್ತಾರು ಮಂದಿ ನೋಂಬು ಹಿಡಿಯುವ ಬ್ಯಾರಿ ಮನೆಗಳವರು. ರತ್ನಾವತಿ ಎರಡು ದಿನ ಮನೆ ಮನೆ ಸುತ್ತಿದಳು. ಎಲ್ಲ ಮನೆಯ ಕಪಾಟಿನಲ್ಲೂ ಅದೇ ಕಾಗದ, ಕೆಲವರು ಪ್ಲಾಸ್ಟಿಕ್ ಹಾಕಿಸಿ ಇಟ್ಟುಕೊಂಡಿದ್ದರು. ಒಬ್ಬಳೂ ಒಳಗಿನ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ಮೀನು ಮಾರುವ ಮೋಹಿನಿ ತನ್ನ ಕಾಗದ ಓದಿಸಿಕೊಂಡು ಕೇಳಿ ನಕ್ಕಳು.

"ನನ್ನ ಗರ್ಭಕೋಶ ಒಂಬತ್ತು ವರ್ಷದ ಹಿಂದೆಯೇ ತೆಗೆದದ್ದು ಮಾರಾಯ್ತಿ. ಬಿಸಾಡಿದ್ದು ಇನ್ನೂ ಚೆನ್ನಾಗಿ ಉಂಟಂತಾ?"

ರತ್ನಾವತಿಗೆ ನಗು ಬರಲಿಲ್ಲ. ಉಳಿದ ಮನೆಗಳಲ್ಲಿ ಇಬ್ಬರು, ತಮಗೆ ಸೊಂಟನೋವು, ಬಿಳಿ ಹೋಗುವುದು ಉಂಟು, ಆದರೆ ಕಾಗದ ಇದೆಯಲ್ಲ ಎಂದಿದ್ದರು. ಅವರನ್ನು ಅವಳು ಮರುದಿನವೇ ಬಸ್ಸಿಗೆ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದಳು. ತನಿಖೆಯಲ್ಲಿ ಅದು ಅವಳ ಕೆಲಸವಾಗಿರಲಿಲ್ಲ.

ಅಕ್ಟೋಬರ್ 17ರಂದು ಬೆಳಿಗ್ಗೆ 11ಕ್ಕೆ ತಪಾಸಣೆಯ ಗುತ್ತಿಗೆ ಪಡೆದಿದ್ದ ಅತ್ತಾವರದ ಟ್ರಸ್ಟಿನ ಕಚೇರಿಯಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ವರದಿಗಳಲ್ಲಿದ್ದ ವೈದ್ಯರ ಸಹಿ ಕಂಪ್ಯೂಟರಿನಲ್ಲಿದ್ದ ಚಿತ್ರ. ಆ ವೈದ್ಯರು ಜನವರಿಯಲ್ಲೇ ಕೆಲಸ ಬಿಟ್ಟಿದ್ದರು. ಆದರೆ ಮ್ಯಾನೇಜರ್ ಯೋಗೀಶ್ ಹೆದರಿದಂತೆ ಕಾಣಲಿಲ್ಲ. ಒಂದು ಮರದ ಪೆಟ್ಟಿಗೆ ತಂದು ತೆರೆದ. ಗರ್ಭಕೋಶದ ಕೊರಳಿನಿಂದ ತೆಗೆದ ದ್ರವ ಹಚ್ಚುವ ಗಾಜಿನ ಸ್ಲೈಡುಗಳು, ಒಂದೊಂದರ ಮೇಲೂ ಒಬ್ಬೊಬ್ಬ ಹೆಂಗಸಿನ ನಂಬರು. ಲೆಕ್ಕ ಮಾಡಿದರು. ಮೂವತ್ತೊಂದು.

"ಪರೀಕ್ಷೆ ಆಗದಿದ್ರೆ ಇದೆಲ್ಲ ಎಲ್ಲಿಂದ ಬಂತು ಸರ್? ಇಲಾಖೆಯವರೂ ಬಂದು ಎಣಿಸಿ ಹೋಗಿದ್ದಾರೆ."

"ಎಣಿಸಿದ್ದಾರೆ. ನೋಡಿದ್ದಾರಾ?" ಎಂದರು ಲೀಲಾಧರ.

"ನೋಡುವುದು ಅಂದ್ರೆ?"

"ಸೂಕ್ಷ್ಮದರ್ಶಕದಲ್ಲಿ ಮಾರಾಯ."

ಯೋಗೀಶ್ ಮೂಲೆಯಲ್ಲಿ ನಿಂತಿದ್ದ ನರ್ಸ್ ಬ್ರೆಂಡಾಳ ಮುಖ ನೋಡಿದ. ನಲವತ್ತೊಂದು ವರ್ಷದ ಆಕೆ ಆ ವಾರ್ಡಿನ ಎಲ್ಲ ಹೆಂಗಸರನ್ನೂ ಹೆಸರು ಹಿಡಿದು ಕರೆಯುವವಳು. ಅವಳು ನೆಲ ನೋಡಿದಳು. ಪೆಟ್ಟಿಗೆಗೆ ಸೀಲ್ ಹಾಕಲಾಯಿತು.

ಅಕ್ಟೋಬರ್ 24, ಮಧ್ಯಾಹ್ನ 1.10ಕ್ಕೆ ಸ್ಲೈಡುಗಳನ್ನು ನೋಡಿದ ವೈದ್ಯೆ ಲೀಲಾಧರರಿಗೆ ಫೋನ್ ಮಾಡಿದರು.

"ಇನ್ಸ್‌ಪೆಕ್ಟರೇ, ಇವು ಮೂವತ್ತೊಂದು ಹೆಂಗಸರದ್ದಲ್ಲ. ಎಲ್ಲದರಲ್ಲೂ ಒಂದೇ ಚಿತ್ರ. ಒಬ್ಬಳದ್ದೇ ತೆಗೆದು ಹಂಚಿ ಹಚ್ಚಿದ್ದಾರೆ. ಡಿಎನ್‌ಎಗೆ ಕಳಿಸಿದರೆ ಖಚಿತವಾಗ್ತದೆ."

"ಸರಿ ಮೇಡಂ."

"ಪೂರ್ತಿ ಕೇಳಿ. ಆ ಒಬ್ಬಳು ಯಾರೇ ಇರಲಿ, ಅವಳನ್ನು ಬೇಗ ಹುಡುಕಿ. ಜೀವಕೋಶಗಳು ಚೆನ್ನಾಗಿಲ್ಲ. ಕ್ಯಾನ್ಸರಿನ ಲಕ್ಷಣ ಉಂಟು. ಅದೂ ಏಳು ತಿಂಗಳ ಹಿಂದಿನದ್ದು."

ಲೀಲಾಧರ ಫೋನ್ ಇಟ್ಟು, ಬ್ರೆಂಡಾಳನ್ನು ಕರೆಸಲು ರತ್ನಾವತಿಗೆ ಹೇಳಿದರು. ಕಳ್ಳರನ್ನು ಹಿಡಿಯುವ ಅವಸರ ಅವರಿಗೆ ಹಳೆಯದು. ರೋಗಿಯೊಬ್ಬಳನ್ನು ಹುಡುಕುವ ಅವಸರ ಹೊಸದು.

3 ಗಂಟೆಗೆ ಬ್ರೆಂಡಾ ಠಾಣೆಗೆ ಬಂದಳು. ರತ್ನಾವತಿ ಪಕ್ಕದಲ್ಲಿ ಕೂತಳು.

"ಮಾರ್ಚ್ 18ಕ್ಕೆ ಕ್ಯಾಂಪ್ ನಡೆಯಿತಾ?"

"ನಡೆಯಿತು ಸರ್."

"ನೋಂಬಿನಲ್ಲಿ ಇಪ್ಪತ್ತಾರು ಮಂದಿ ಬಂದರಾ?"

"ಊಟ ಕೊಡುವ ಕ್ಯಾಂಪ್ ಅಲ್ಲವಲ್ಲ ಸರ್."

"ಆ ಪರೀಕ್ಷೆಯಿಂದ ನೋಂಬು ಮುರೀತದೆ ಬಾಯೀ. ನಿಮಗೆ ಅವರು ಹೇಳಲಿಲ್ಲವಾ?" ಎಂದಳು ರತ್ನಾವತಿ.

ಬ್ರೆಂಡಾ ಬೆಚ್ಚಿ ನೋಡಿದಳು. "ಹಬ್ಬ ಕಳೆದ ಮೇಲೆ ಬರ್ತೇವೆ ಅಂದಿದ್ರು. ನಾನು ಹಸಿವಿಗೆ ನಿತ್ರಾಣ ಅಂತ ಎಣಿಸಿದೆ." ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೆ ತಿಳಿಯಿತು.

"ಸ್ಲೈಡುಗಳು ಯಾರದ್ದು?" ಎಂದರು ಲೀಲಾಧರ.

ಬ್ರೆಂಡಾ ಬಾಗಿಲ ಕಡೆ ನೋಡಿದಳು.

"ಕೇಸಿಗಾಗಿ ಕೇಳುತ್ತಿಲ್ಲ. ಅದು ಯಾರದ್ದೋ ಆ ಹೆಂಗಸಿಗೆ ಕಾಯಿಲೆ ಉಂಟು. ಡಾಕ್ಟರು ಬೇಗ ಕರೆತರಲಿಕ್ಕೆ ಹೇಳಿದ್ದಾರೆ."

ಗೋಡೆಯ ಫ್ಯಾನ್ ಈ ಕಡೆ ತಿರುಗಿತು, ಆ ಕಡೆ ತಿರುಗಿತು. ಬ್ರೆಂಡಾಳ ಕೈ ಮೆಲ್ಲನೆ ಹೊಟ್ಟೆಯ ಮೇಲೆ ಬಂತು.

"ಎಷ್ಟು ಮುಂದೆ ಹೋಗಿದೆ ಸರ್?" ಎಂದಳು.

ರತ್ನಾವತಿ ಅವಳ ಭುಜ ಹಿಡಿದುಕೊಂಡಳು. ನೀರು ತರಿಸಿ ಕೊಟ್ಟಳು. ಆಮೇಲೆ ಬ್ರೆಂಡಾ ತಾನಾಗಿಯೇ ಹೇಳಿದಳು.

"ಮಾರ್ಚ್ 31ರೊಳಗೆ ಸಂಖ್ಯೆ ತುಂಬದಿದ್ರೆ ಹಣ ವಾಪಸ್ ಹೋಗ್ತದೆ. ಮುಂದಿನ ವರ್ಷ ಆ ವಾರ್ಡಿಗೆ ಕ್ಯಾಂಪೇ ಇಲ್ಲ. ಮೂವತ್ತೊಂದು ಕಡಿಮೆ ಇತ್ತು. ಹೇಗಾದರೂ ತುಂಬಿಸಿ ಅಂದ್ರು ಮ್ಯಾನೇಜರ್. ನನ್ನದನ್ನೇ ತೆಗೆದು ಎಲ್ಲದಕ್ಕೂ ಹಚ್ಚಿದೆ. ಏಪ್ರಿಲಿನಲ್ಲಿ ಎಲ್ಲರದ್ದೂ ನಿಜವಾಗಿ ಮಾಡಿಸುವಾ ಅಂತ ಇದ್ದೆ. ಹೊಸ ವರ್ಷದ ಕ್ಯಾಂಪಿನ ಆದೇಶ ಬಂದದ್ದೇ ಸೆಪ್ಟೆಂಬರಿಗೆ."

"ಮನೆಗೆ ವರದಿ ಹೋಗ್ತದೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಅದನ್ನು ಅವರು ನಂಬುತ್ತಾರೆ ಅಂತ?"

ಬ್ರೆಂಡಾ ಹೌದೆಂದು ತಲೆಯಾಡಿಸಿದಳು.

"ನಿಮ್ಮದನ್ನಾದರೂ ಯಾರಿಗಾದರೂ ತೋರಿಸಬಹುದಿತ್ತಲ್ಲ."

"ನನಗೆ ಎಂತ ತೊಂದರೆಯೂ ಇರಲಿಲ್ಲ ಸರ್. ಎಂತದೂ ಇಲ್ಲದಾಗಲೇ ತೋರಿಸಿ ಅಂತ ಹದಿನಾರು ವರ್ಷದಿಂದ ನಾನೇ ಎಲ್ಲರಿಗೂ ಹೇಳುವುದು."

ಸೂರ್ಯಾಸ್ತದ ನಂತರ ಹೆಂಗಸರನ್ನು ಬಂಧಿಸುವಂತಿಲ್ಲವಾದ್ದರಿಂದ 4.50ಕ್ಕೆ ಬಂಧನ ಪತ್ರಕ್ಕೆ ಸಹಿ ಆಯಿತು. ಯೋಗೀಶನನ್ನು ಆರು ಗಂಟೆಗೆ ಅತ್ತಾವರದಲ್ಲಿ ಹಿಡಿದರು. ವೈದ್ಯಕೀಯ ತಪಾಸಣೆಗೆ ಬ್ರೆಂಡಾಳನ್ನು ಕಳಿಸುವಾಗ ಲೀಲಾಧರ ಮಾಮೂಲಿ ಅರ್ಜಿಯ ಕೆಳಗೆ ಕೈಬರಹದಲ್ಲಿ ನಾಲ್ಕು ಸಾಲು ಸೇರಿಸಿ, ತಜ್ಞರಿಗೆ ತೋರಿಸಬೇಕೆಂದು ಬರೆದರು. ಕೇಸ್ ಡೈರಿಯ ಉದ್ದೇಶದ ಕಾಲಮಿನಲ್ಲಿ, ಆರೋಪಿ ತನಗಾಗಿ ಏನನ್ನೂ ಪಡೆದದ್ದು ಕಾಣುವುದಿಲ್ಲ, ಯೋಜನೆ ನಿಲ್ಲಬಾರದೆಂದು ಕೃತ್ಯ ಎಸಗಿದ್ದಾಳೆ ಎಂದು ಬರೆದು, ಪೆನ್ನು ಮುಚ್ಚಿದರು.

ಸಬೀನಾಳಿಗೆ ಫೋನ್ ಮಾಡಿದ್ದು ರತ್ನಾವತಿ. ಆ ಕಡೆ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು. ಸಬೀನಾ ಎಲ್ಲವನ್ನೂ ಉಮ್ಮನಿಗೆ ಬ್ಯಾರಿ ಭಾಷೆಯಲ್ಲಿ ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಪಾತುಮ್ಮನೇ ಫೋನ್ ತೆಗೆದುಕೊಂಡರು.

"ಕ್ಯಾಂಪ್ ಉಳಿಸಲಿಕ್ಕೆ ಮಾಡಿದ್ದಾ ಅವಳು?"

"ಹೌದು ಅಕ್ಕ."

"ಉಳಿಯಿತಾ?"

"ಉಳಿಯಿತು. ಬರುವ ತಿಂಗಳು ಉಂಟು."

"ಹಾಗಾದ್ರೆ ನನ್ನ ಸೊಸೆಯ ಹೆಸರು ಬರೆದುಕೊ," ಎಂದರು ಪಾತುಮ್ಮ. "ನೀನು ಜೊತೆಗೆ ನಿಲ್ಲಬೇಕು, ಕೇಳಿತಾ? ಪರೀಕ್ಷೆ ಮಾಡುವುದನ್ನು ಕಣ್ಣಾರೆ ನೋಡು."