ಬದುಕಿರುವವರ ಹೆಸರು

ಈ ಕಥೆಯನ್ನು ನಾನು ಮೊದಲು ಕೇಳಿದ್ದು ಹೈಫಾದಲ್ಲಿ, ೧೯೮೧ರ ಬೇಸಿಗೆಯ ಒಂದು ಸಂಜೆ. ಹೇಳಿದವರು ಬಂದರಿನ ಬಳಿಯ ವಠಾರದ ಫ್ಲೋರ್ ಮೋಲ್ಹೊ. ಅಂಗಳದ ಒಲೆಯ ಮೇಲೆ ಬದನೆಕಾಯಿ ಸುಡುತ್ತಾ, ಸುತ್ತ ಕುಳಿತ ಹೆಂಗಸರಿಗೆ ಅವರು ಹೇಳಿದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಗಾಜಿನ ಲೋಟ ಶಬ್ತಾಯಿಯ ಹಣೆಗೆ ಬಡಿದು ಒಡೆಯಿತು!

ಹುಬ್ಬಿನಿಂದ ಇಳಿದ ರಕ್ತ ಮೇಜಿನ ಬಿಳಿಯ ಬಟ್ಟೆಯ ಮೇಲೆ ತೊಟ್ಟಿಕ್ಕಿತು. ಎಸೆದವಳು ಅವನು ಮದುವೆಯಾಗಲಿದ್ದ ರುಹಾಮಾಳ ತಾಯಿ, ಪೋಲೆಂಡಿನ ಯಹೂದಿಗಳ ಕಗ್ಗೊಲೆಯಿಂದ ಉಳಿದು ಬಂದ ಜೆಲ್ಡಾ. ಭಾವೀ ಅಳಿಯನನ್ನು ಅವಳು ಕಂಡದ್ದು ಅಂದೇ ಮೊದಲು.

"ಹೊರಗೆ ನಡಿ! ಅವರು ಮುಗಿಸದೆ ಬಿಟ್ಟದ್ದನ್ನ ಮುಗಿಸೋಕೆ ಬಂದ್ಯಾ?"

ಲೋಟ ಹಾರುವ ಮೊದಲು ಶಬ್ತಾಯಿ ಹೇಳಿದ್ದು ಇಷ್ಟೇ: "ಹೆಣ್ಣು ಮಗು ಹುಟ್ಟಿದ್ರೆ ಜೆಲ್ಡಾ ಅಂತ ನಿಮ್ಮ ಹೆಸರೇ ಇಡ್ತೀವಿ."

ರುಹಾಮಾಳ ಕೈಯೂ ಸುಮ್ಮನಿರಲಿಲ್ಲ. ಅವನ ಕೆನ್ನೆಗೆ ಫಟಾರನೆ ಬಿಟ್ಟಳು. ಅಂಗೈಗೆ ರಕ್ತ ಅಂಟಿತು.

ಅಯ್ಯೋ... ನಿನ್ನೆ ನಾನು ಮುದ್ದಿಸಿದ ಕೆನ್ನೆಯಲ್ಲವೇ ಇದು, ಎಂದುಕೊಂಡಳು.

ಇಬ್ಬರ ಮನೆಯಲ್ಲೂ ಹಳೆಯ ಮಾತು ಎತ್ತುವಂತಿರಲಿಲ್ಲ. ಹೆತ್ತವರ ಊರಿನಲ್ಲಿ ಯಾರು ಸತ್ತರು, ಹೇಗೆ ಸತ್ತರು ಎಂದು ಉಳಿದವರ ಬಾಗಿಲು ಬಡಿಯುತ್ತಾ ಅಲೆದಾಗಲೇ ಅವರಿಬ್ಬರೂ ಒಬ್ಬರಿಗೊಬ್ಬರು ಸಿಕ್ಕಿದ್ದು.

"ಬದುಕಿರೋರ ಹೆಸರು ಮಗುವಿಗಿಟ್ಟರೆ ಸಾವಿನ ದೂತನಿಗೆ ಮನೆ ತೋರಿಸಿದ ಹಾಗೆ!" ರುಹಾಮಾ ಅತ್ತಳು. "ಈ ಮದುವೆ ಬೇಡ... ಹೋಗು!"

ಶಬ್ತಾಯಿಯ ಜೊತೆಗೆ ಬಂದಿದ್ದ ಅವನ ಸೋದರತ್ತೆ ಫ್ಲೋರ್ ಎದ್ದು ನಿಂತರು. "ಏನಮ್ಮಾ, ಮರ್ಯಾದೆ ಕೊಟ್ಟವರಿಗೆ ನಿಮ್ಮಲ್ಲಿ ಲೋಟದಲ್ಲಿ ಹೊಡೀತಾರಾ? ಗ್ರೀಸಿನ ನಮ್ಮ ಸಲೋನಿಕದಲ್ಲಿ ಮೊಮ್ಮಗಳಿಗೆ ಅಜ್ಜಿ ಹೆಸರು ಅವಳ ಕಣ್ಣೆದುರಿಗೇ ಇಡ್ತೀವಿ. ಇಡದಿದ್ರೆ ಅಜ್ಜಿ ಮಾತೇ ಬಿಡ್ತಾಳೆ!"

ಶಬ್ತಾಯಿ ರಕ್ತ ಒರೆಸಿಕೊಳ್ಳಲಿಲ್ಲ.

"ನಾನು ಹುಟ್ಟಿದಾಗ ಹೆಸರು ಕೊಡೋಕೆ ನಮ್ಮಲ್ಲಿ ಒಬ್ಬ ಅಜ್ಜನೂ, ಒಬ್ಬಳು ಅಜ್ಜಿಯೂ ಉಳಿದಿರಲಿಲ್ಲ. ಎಲ್ಲರನ್ನೂ ಸುಟ್ಟಿದ್ರು. ನನ್ನ ಮಗಳಿಗಾದರೂ ಬದುಕಿರೋರ ಹೆಸರು ಸಿಗಲಿ ಅಂದ್ಕೊಂಡೆ... ತಪ್ಪಾಯ್ತು, ಅಮ್ಮ."

ಅವನು ಬಾಗಿಲಿನತ್ತ ತಿರುಗಿದ.

"ನಿಲ್ಲು," ಎಂದಳು ತಾಯಿ. "ಜೆಲ್ಡಾ ಬದುಕಿಲ್ಲ."

ರುಹಾಮಾ ತಾಯಿಯತ್ತ ತಿರುಗಿದಳು. "ಅಮ್ಮಾ... ಏನು ಹೇಳ್ತಿದ್ದೀಯಾ?"

"ಹಳ್ಳದ ಅಂಚಿನಲ್ಲಿ ನಮ್ಮನ್ನ ಬೆತ್ತಲೆ ನಿಲ್ಲಿಸಿದ್ರು. ಒಬ್ಬ ಅಧಿಕಾರಿ ಬಂದು, ಹೊಲಿಗೆಯ ಜೆಲ್ಡಾ ಯಾರು ಅಂತ ಕೂಗಿದ. ಅವನ ಹೆಂಡತಿಯ ಕೋಟು ಅರ್ಧ ಹೊಲಿದು ನಿಂತಿತ್ತಂತೆ. ಜೆಲ್ಡಾ ನನ್ನಕ್ಕ. ಅವಳು ನನ್ನ ಬೆನ್ನಿಗೆ ಗುದ್ದಿ ಮುಂದೆ ತಳ್ಳಿದಳು... 'ಇವಳೇ!' ಅಂದಳು. ನಾನು ತಿರುಗೋದ್ರೊಳಗೆ ಗುಂಡು ಬಿತ್ತು. ಅವಳ ತಲೆ ಒಡೆದು ನನ್ನ ಕೂದಲಿಗೆಲ್ಲ ಸಿಡೀತು. ಆ ಕೂದಲು ತೊಳೀದೆ ಕೂತು ಆ ಕೋಟು ಮುಗಿಸಿದೆ."

"ಹಾಗಾದ್ರೆ ನಿನ್ನ ಹೆಸರು?"

"ಹೆನ್ಯಾ."

ಎಷ್ಟೋ ವರ್ಷ ಬಾಯಲ್ಲಿ ಆಡದಿದ್ದ ಆ ಹೆಸರನ್ನು ಅವಳು ತಡವರಿಸಿ ಹೇಳಿದಳು. ಆಮೇಲೆ ಕೈವಸ್ತ್ರ ಎತ್ತಿ ಶಬ್ತಾಯಿಯ ಹಣೆಗೆ ಒತ್ತಿದಳು.

"ಜೆಲ್ಡಾ ಅಂತಾನೇ ಇಡಿ. ಹೋದೋಳ ಹೆಸರು ಅದು, ಭಯವಿಲ್ಲ."

"ನನಗೆ ಬದುಕಿರೋರದ್ದು ಬೇಕಿತ್ತಲ್ಲ?"

"ಹೆನ್ಯಾ ಅನ್ನೋದಕ್ಕೆ ಕೈ ಹಾಕಬೇಡ! ಅದನ್ನ ನಾನೇ ಇನ್ನೂ ಬಳಸಿಲ್ಲ."

ಮೆಟ್ಟಿಲ ಮೇಲೆ ರುಹಾಮಾ ಅವನ ಕೆನ್ನೆ ಸವರಿದಳು. "ತುಂಬಾ ನೋವಾಯ್ತಾ?"

"ಲೋಟದ್ದಲ್ಲ. ನಿನ್ನದು."

"ಕ್ಷಮಿಸು... ನೀನಿಲ್ಲದೆ ನನಗಾಗಲ್ಲ."

"ಮದುವೆಯಲ್ಲಿ ಶಾಸ್ತ್ರಕ್ಕೆ ನಾನು ಕಾಲಲ್ಲಿ ಒಡೀಬೇಕಾದ ಲೋಟ ನಿಮ್ಮಮ್ಮ ನನ್ನ ಹಣೆಯಲ್ಲೇ ಒಡೆದಾಯ್ತು. ಇನ್ನು ನೀನು ಬೇಡ ಅನ್ನೋ ಹಾಗಿಲ್ಲ."

ಅಳುತ್ತಲೇ ಅವಳು ನಕ್ಕಳು.

ಫ್ಲೋರ್ ಮಾತು ನಿಲ್ಲಿಸಿ ಬದನೆಕಾಯಿಯ ಕರಿಸಿಪ್ಪೆ ಬಿಡಿಸತೊಡಗಿದರು. ಮೇಲಿನ ಮಹಡಿಯಿಂದ ನೆರೆಯಾಕೆ ಕೂಗಿದಳು: "ಹೆನ್ಯಾ, ನಿನ್ನ ಸಾರು ಉಕ್ತಿದೆ ಕಣೇ!"

ಅಷ್ಟು ಹೊತ್ತೂ ನನ್ನ ಪಕ್ಕದಲ್ಲಿ ತಲೆಯೆತ್ತದೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಗಸು, "ಬಂದೆ!" ಎಂದು ಗಟ್ಟಿಯಾಗಿ ಓಗೊಟ್ಟು, ಮಡಿಲಲ್ಲಿ ಮಲಗಿದ್ದ ಮೊಮ್ಮಗಳನ್ನು ತಟ್ಟಿದಳು.

"ಏಳು ಜೆಲ್ಡಾ, ಮನೆಗೆ ಹೋಗೋಣ."

ಉಳಿದವರೂ ಲಂಗ ಕೊಡವಿಕೊಂಡು ಎದ್ದು, ತಮ್ಮ ತಮ್ಮ ಬಾಗಿಲಿಗೆ ನಡೆದರು.